ಹನ್ನೆರಡನೆಯ ಮರದ ಮೀನು

ಹೊಳೆನರಸೀಪುರ
9-1-2024

ಶ್ರೀ ಮಂಚಯ್ಯನವರಿಗೆ ನಮಸ್ಕಾರ.

ನಿಮ್ಮ ಹಾಸನದ ಅಂಗಡಿಗೆ ಫೋನ್ ಮಾಡಿದ್ದೆ. ಎತ್ತಿದವರು, "ರಿಪೇರಿ ಮಾತು ಫೋನಲ್ಲಿಲ್ಲ ಮೇಡಂ. ಏನಾಗ್ಬೇಕು ಅಂತ ಬರ್ದು ಪೆಟ್ಟಿಗೇಲಿಡಿ, ನಮ್ ಸಾರೂ ಕಾಗದದಲ್ಲೇ ಹೇಳ್ತಾರೆ" ಎಂದು ಇಟ್ಟೇಬಿಟ್ಟರು. ನಾನು ಹೈಸ್ಕೂಲಿನಲ್ಲಿ ಪಾಠ ಹೇಳುವವಳು, ಬರೆಯುವುದಕ್ಕೆ ಬೇಸರವಿಲ್ಲ.

ಈ ಮರದ ಮೀನುಗಳ ಪೆಟ್ಟಿಗೆ ನಮ್ಮ ಮಾವ ಚನ್ನಪ್ಪನವರದು. ರಾಮನಾಥಪುರದಿಂದ ಕೆಳಗೆ, ಕಾವೇರಿ ದಂಡೆಯ ಊರಿನಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರು. ಗಾಳ ಹಾಕುವುದೊಂದೇ ಅವರ ಷೋಕಿ. ಎರೆಹುಳ, ರಾಗಿಹಿಟ್ಟಿನ ಉಂಡೆ ಇವೆಲ್ಲ ಅಲ್ಲ. ಬಣ್ಣದ ಮರದ ಮೀನನ್ನು ನೀರಿಗೆಸೆದು, ದೊಡ್ಡ ಮೀನು ಅದನ್ನು ಬೇಟೆಯೆಂದು ಕಚ್ಚುವ ಹಾಗೆ ಎಳೆಯುವುದು. ಈಗ ಅವರಿಗೆ ಎಂಬತ್ತೊಂದು. ಕಣ್ಣಿನೊತ್ತಡ ಏರಿ ಎರಡೂ ಕಣ್ಣು ಹೋಗಿವೆ. ನಾಲ್ಕು ವರ್ಷದಿಂದ ಇಲ್ಲಿ ನಮ್ಮ ಜೊತೆಗಿದ್ದಾರೆ.

ಬೆಳಿಗ್ಗೆ ಕಾಫಿಯಾದ ಮೇಲೆ ಪೆಟ್ಟಿಗೆ ತೊಡೆಯ ಮೇಲೆ ಬರಬೇಕು. ಒಂದೊಂದನ್ನೇ ಎತ್ತಿ ಮೈ ಸವರುತ್ತಾರೆ. ಮೀನಿನ ಹಲ್ಲು ನಾಟಿದ ಗುರುತು ಬೆರಳಿಗೆ ಸಿಕ್ಕಿದ್ದೇ ತಡ, ಶುರು. "ಇದು ಎಂಬತ್ತೆಂಟನೇ ಇಸ್ವಿ ಬಾಳೆಮೀನು ಕಣವ್ವಾ. ಮೂರಾಳು ಎಳುದ್ರೂ ಬರ್ನಿಲ್ಲ, ಮುಂಡೇದು." ದಿನವೂ ಅದೇ ಕಥೆ, ಒಂದಕ್ಷರ ಆಚೀಚೆ ಇಲ್ಲ. ಒಂದನ್ನು ಮಾತ್ರ ಮುಟ್ಟಿ ಏನೂ ಹೇಳದೆ ಕೆಳಗಿಡುತ್ತಾರೆ. ಅದಕ್ಕೆ ಮೀನು ಬಿದ್ದಿರಲಿಕ್ಕಿಲ್ಲ.

ಕಳೆದ ತಿಂಗಳು ತುಕ್ಕು ಹಿಡಿದ ಗಾಳ ಬೆರಳಿಗೆ ಚುಚ್ಚಿ ಕೀವಾಯಿತು. ಡಾಕ್ಟರು ಪೆಟ್ಟಿಗೆ ಎಸೆದುಬಿಡಿ ಎಂದರು. ಪೆಟ್ಟಿಗೆ ಎಸೆದರೆ ಮಾವನವರನ್ನು ಇಟ್ಟುಕೊಂಡು ಏನು ಮಾಡಲಿ? ದಯವಿಟ್ಟು ತುಕ್ಕು ಗಾಳ ಕಿತ್ತು ಚುಚ್ಚದಂಥದ್ದೇನಾದರೂ ಹಾಕಿ. ಬಿರುಕು ಬಿಟ್ಟ ಮರವನ್ನು ಉಳಿಸಿ. ಬಣ್ಣ ಬೇಕಿಲ್ಲ. ಹಲ್ಲಿನ ಗುರುತನ್ನು ಮಾತ್ರ ಮುಟ್ಟಬೇಡಿ. ಅವರಿಗೆ ಓದುವುದಕ್ಕೆ ಉಳಿದಿರುವುದು ಅಷ್ಟೇ.

ಇತಿ,
ದಾಕ್ಷಾಯಣಮ್ಮ


ಹಾಸನ
22-1-2024

ತಲುಪಿದ ಚೀಟಿ: ತಗಡಿನ ಪೆಟ್ಟಿಗೆ ಒಂದು. ಒಳಗೆ ಮರದ ಮೀನು ಹದಿನೇಳು. ಬಂದದ್ದು ಹೊಳೆನರಸೀಪುರದ ಚನ್ನಪ್ಪನವರ ಮನೆಯಿಂದ.

ದಾಕ್ಷಾಯಣಮ್ಮನವರಿಗೆ ಮಂಚಯ್ಯನ ವಂದನೆ.

ಮೇಲಿನದು ಅಂಗಡಿಯ ಕ್ರಮ. ಬಂದದ್ದಕ್ಕೊಂದು ಚೀಟಿ, ಹೋದದ್ದಕ್ಕೊಂದು ಚೀಟಿ, ಎರಡರ ನಕಲೂ ನನ್ನ ಪುಸ್ತಕದಲ್ಲಿ. ಬಾಯಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ. ಆಮೇಲೆ ಯಾರ ಗಂಟಲು ದೊಡ್ಡದೋ ಅವರು ಹೇಳಿದ್ದೇ ನಡೆದದ್ದು. ಗಂಟಲಿನ ಪಂದ್ಯಕ್ಕೆ ನಾನು ಇಳಿಯುವುದಿಲ್ಲ.

ಹಾಸನಕ್ಕೆ ಬಂದಾಗ ನನಗೆ ಹದಿನೈದು. ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುತ್ತಿದ್ದೆ. ಗೊರೂರು ಹಿನ್ನೀರಿಗೆ ಹೊರಟಿದ್ದ ಒಬ್ಬ ಸಾಹೇಬರು ಮುರಿದ ಮರದ ಮೀನನ್ನು ಚರಂಡಿಗೆಸೆದರು. ಎತ್ತಿಕೊಂಡು ಸರಿಮಾಡಿ ಮುಂದಿನ ಭಾನುವಾರ ಅವರಿಗೇ ಮಾರಿದೆ. ಈಗ ಸಾಲಗಾಮೆ ರಸ್ತೆಯಲ್ಲಿ ಸ್ವಂತ ಅಂಗಡಿ, ಕೆಲಸಕ್ಕೆ ಇಬ್ಬರು. ಚನ್ನರಾಯಪಟ್ಟಣದ ಕಡೆ ಕೆರೆಗಳಲ್ಲಿ ಗಾಳ ಹಾಕುವವರು, "ಅಣ್ಣೋ, ಹೊಸದುಕ್ಕೆ ಬೀಳ್ದಿದ್ ಕುಚ್ಚುಮೀನು ನೀನ್ ತ್ಯಾಪೆ ಹಾಕಿದ್ದುಕ್ಕೆ ಬೀಳ್ತದೆ ಕಣಣ್ಣೋ, ಏನ್ ಮಾಟ ಮಾಡ್ಸಿದ್ದೀಯಾ?" ಅನ್ನುತ್ತಾರೆ. ಮಾಟವಿಲ್ಲ. ಪೆಟ್ಟು ತಿಂದದ್ದು ಸ್ವಲ್ಪ ಓರೆಯಾಗಿ ಈಜುತ್ತದೆ. ದೊಡ್ಡ ಮೀನು ಬಾಯಿ ಹಾಕುವುದು ಯಾವಾಗಲೂ ಓರೆಯಾಗಿ ಈಜುವುದರ ಮೇಲೆಯೇ.

ನಿಮ್ಮ ಹದಿನೇಳಕ್ಕೂ ನಂಬರ್ ಹಾಕಿದ್ದೇನೆ. ಹದಿನಾರು ಸಲೀಸು. ಹನ್ನೆರಡನೆಯದನ್ನು ಎರಡು ದಿನ ಮೇಜಿನ ಮೇಲಿಟ್ಟುಕೊಂಡು ನೋಡಿದೆ. ಬೆನ್ನಿಗೆ ಎರಡು ಹಲ್ಲಿನ ಗುರುತು. ಮೂತಿಯ ತಗಡು ಮೂಲದ್ದಲ್ಲ. ಆ ತಗಡಿಲ್ಲದಿದ್ದರೆ ಮರದ ಮೀನು ತಲೆ ತಗ್ಗಿಸಿ ಮುಳುಗುವುದಿಲ್ಲ, ಸುಮ್ಮನೆ ತೇಲುತ್ತದೆ. ಯಾರೋ ಪೌಡರ್ ಡಬ್ಬಿ ಕತ್ತರಿಸಿ, ಅರಗು ಕಾಯಿಸಿ ಹೊಸ ಮೂತಿ ಕೂರಿಸಿದ್ದಾರೆ. ತಗಡಿನ ಒಂದು ಮಗ್ಗುಲಲ್ಲಿ ಅರ್ಧ ಗುಲಾಬಿ ಹೂವು ಇನ್ನೂ ಕೆಂಪಗಿದೆ. ನನಗಿಂತ ಒಳ್ಳೆಯ ಕೈ.

ಆ ಕೈ ಯಾರದೆಂದು ನಿಮ್ಮ ಮಾವನವರನ್ನು ಕೇಳಿ ಬರೆಯಿರಿ. ಅದು ತಿಳಿಯದೆ ಕೆಲಸ ಮುಂದುವರಿಸುವುದಿಲ್ಲ. ಇದೂ ಕ್ರಮವೇ ಅಂದುಕೊಳ್ಳಿ.

ಇತಿ,
ಮಂಚಯ್ಯ


ಹೊಳೆನರಸೀಪುರ
4-2-2024

ಶ್ರೀ ಮಂಚಯ್ಯನವರಿಗೆ,

ಕೇಳಿದೆ. ಕೇಳಬಾರದಿತ್ತೇನೋ.

ನಿಮ್ಮ ಕಾಗದವನ್ನು ಮಾವನವರಿಗೆ ಓದಿ ಹೇಳಿದೆ. ಓರೆಯಾಗಿ ಈಜುವ ಮಾತಿಗೆ ತೊಡೆ ತಟ್ಟಿ ನಕ್ಕರು. "ಇವ್ನು ಕಸುಬುದಾರ ಕಣವ್ವ." ಪೌಡರ್ ಡಬ್ಬಿ ಅಂದೊಡನೆ ನಗು ನಿಂತಿತು.

"ಅದ್ನೂ ಕಳಿಸ್ಬುಟ್ಯಾ?"

"ಪೆಟ್ಟಿಗೇಲಿ ಇದ್ದದ್ದನ್ನೆಲ್ಲ ಕಳಿಸ್ದೆ ಮಾವ."

ಮಧ್ಯಾಹ್ನ ಊಟಕ್ಕೆ ಕೂತಾಗ ತಾವಾಗಿಯೇ ಹೇಳಿದರು. ಊರಿನಲ್ಲಿ ಚಲುವಯ್ಯ ಎಂಬ ಆಳಿದ್ದನಂತೆ. ಗಾಳ ನೀರೊಳಗಿನ ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಮುಳುಗಿ ಬಿಡಿಸಿಕೊಂಡು ಬರುವುದು ಅವನ ಕೆಲಸ. ತೊಂಬತ್ತೆರಡರಲ್ಲಿ ಆ ಮರದ ಮೀನನ್ನು ಅವನು ಕದ್ದನಂತೆ. "ಕೈ ಬಲು ಚೆಂದಾಗಿತ್ತು ನನ್ಮಗಂದು, ಬುದ್ಧಿ ಒಂದೇ ಸರ್ಯಾಗಿರ್ನಿಲ್ಲ. ಚಾವಡಿ ಮುಂದೆ ನಿಲ್ಸಿ ಅಂಗಿ ಬಿಚ್ಚಿಸ್ದೆ. ಊರೇ ನೋಡ್ತು." ಮೂತಿ ಕೂರಿಸಿದವನೂ ಅವನೇ ಅಂತೆ.

"ಕದ್ದದ್ದು ನಿಮ್ಮ ಪೆಟ್ಟಿಗೆಗೆ ಹೆಂಗೆ ಬಂತು ಮಾವ?" ಎಂದೆ.

"ಮಜ್ಜಿಗೆ ಬುಡವ್ವ" ಎಂದರು.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ತೊಂಬತ್ತಾರರಲ್ಲಿ. ಅದಕ್ಕೆ ಹಿಂದಿನದು ನನಗೆ ತಿಳಿಯದು. ಆ ಕಾಲದ ಆಳುಕಾಳುಗಳ ವಿಚಾರ ಬಿಡಿ. ನೀವು ಕೇಳಿದ್ದಕ್ಕೆ ಉತ್ತರ ಸಿಕ್ಕಿತಲ್ಲ, ಇನ್ನು ಕೆಲಸ ಬೇಗ ಮುಗಿಸಿಕೊಡಿ. ಬೆಳಿಗ್ಗೆ ಬರಿ ತೊಡೆಯ ಮೇಲೆ ಅವರ ಬೆರಳು ಓಡಾಡುವುದನ್ನು ನೋಡಲಾಗುವುದಿಲ್ಲ.

ಇತಿ,
ದಾಕ್ಷಾಯಣಮ್ಮ


ಹಾಸನ
11-2-2024

ದಾಕ್ಷಾಯಣಮ್ಮನವರಿಗೆ,

ಚಲುವಯ್ಯ ನಮ್ಮಪ್ಪ.

ನಿಮ್ಮ ಪೆಟ್ಟಿಗೆ ತೆರೆದ ದಿನವೇ ತಿಳಿಯಿತು. ಆ ಗುಲಾಬಿ ಹೂವಿನ ಇನ್ನರ್ಧ ನಮ್ಮವ್ವನ ಡಬ್ಬಿಯಲ್ಲಿ ಉಳಿದಿತ್ತು. ಮದುವೆಯಲ್ಲಿ ಬಂದ ಡಬ್ಬಿ. ಪೌಡರ್ ಖಾಲಿಯಾಗಿ ಆರು ವರ್ಷವಾದರೂ ಮೂಸಿ ನೋಡಿ ಗೂಡಿನಲ್ಲಿಡುತ್ತಿದ್ದಳು. ಅಪ್ಪ ಕೇಳದೆ ಕತ್ತರಿಸಿದ. ಎರಡು ದಿನ ಅವ್ವ ಅವನಿಗೆ ಹಿಟ್ಟು ಬೇಯಿಸಲಿಲ್ಲ. "ಬುದ್ಧಿಯೋರ್ ಮೀನು ಈಜ್ಬೇಕಲ್ಲಮ್ಮೀ" ಅಂತ ಅವಳ ಹಿಂದೆಹಿಂದೆ ತಿರುಗುತ್ತಿದ್ದ.

ನಡೆದದ್ದು ಹೇಳುತ್ತೇನೆ. ಎಮ್ಮೆಮಡುವಿನಲ್ಲಿ ಅದೇ ಮೀನಿನ ಗಾಳ ಬಂಡೆಗೆ ಸಿಕ್ಕಿತು. ಅಪ್ಪ ಮುಳುಗಿದ, ಬಿಡಿಸಿದ, ನಿಮ್ಮ ಮಾವನವರ ಕೈಗೆ ಕೊಟ್ಟ. ಅವರು ಕೋಟಿನ ಜೇಬಿಗೆ ಹಾಕಿಕೊಂಡರು. ಸಂಜೆ ಎಣಿಸಿದರೆ ಒಂದು ಕಡಿಮೆ. "ಕೈಗೇ ಕೊಟ್ಟೆ ಬುದ್ಧೀ" ಅಂದ. "ನನ್ನ ಕೈಗೆ? ಯಾವ್ ಕೈಗ್ಲಾ?" ಅಂದರು. ಚಾವಡಿಯ ಮುಂದೆ ಅಂಗಿ ಬಿಚ್ಚಿಸಿದ್ದನ್ನು ಅವರು ಸರಿಯಾಗಿಯೇ ಹೇಳಿದ್ದಾರೆ, ಒಂದನ್ನು ಬಿಟ್ಟಿದ್ದಾರೆ. ಅಂಗಿಗೇ ನಿಲ್ಲಲಿಲ್ಲ. ನನಗೆ ಹನ್ನೊಂದು ವರ್ಷ. ಅಪ್ಪ ನನ್ನನ್ನು ನೋಡಿ, "ಓಗ್ಲಾ ಮನೆಗೆ" ಅಂದ. ನಾನು ಹೋಗಲಿಲ್ಲ. ಅದಕ್ಕೂ ನಾನೇ ಬಾಧ್ಯಸ್ಥ.

ಮಡುವಿನೊಳಗೆ ಬಚ್ಚಿಟ್ಟಿದ್ದೀಯ, ತೆಗೆದುಕೊಂಡು ಬಾ ಎಂದರು. ಮರುದಿನದಿಂದ ಮುಳುಗಲು ಶುರುಮಾಡಿದ. ಕೊಟ್ಟದ್ದು ಅವನಿಗೆ ಗೊತ್ತಿತ್ತು. ಆದರೂ ಹತ್ತು ಜನ ಹೇಳಿದರೆ, ಕೊಟ್ಟೆನೋ, ಕೈಯಿಂದ ಜಾರಿತೋ ಎಂದು ಅವನಿಗೇ ಅನುಮಾನ ಬಂತು. ಇಪ್ಪತ್ತಾರು ದಿನ ಮುಳುಗಿದ, ಆಷಾಢದ ಕೆಂಪು ನೀರಿನಲ್ಲಿ. ಎರಡೂ ಕಿವಿಯಲ್ಲಿ ರಕ್ತ ಬಂದು ಕೇಳುವುದು ನಿಂತಿತು. ಅದರಿಂದ ಒಂದು ಅನುಕೂಲವಾಯಿತು. ಊರಿನವರು ಗಾಳಗಳ್ಳ ಅಂದದ್ದು ಆಮೇಲೆ ಅವನಿಗೆ ಕೇಳಿಸಲಿಲ್ಲ. ನಮಗೆ ಕೇಳಿಸುತ್ತಿತ್ತು. ಪ್ರತಿ ಬೇಸಿಗೆ ನೀರು ಇಳಿದಾಗ ಹೋಗಿ ಬಂಡೆಗಳ ಸಂದಿಗೆ ಕೈ ಹಾಕುತ್ತಿದ್ದ. ಹನ್ನೊಂದು ಬೇಸಿಗೆ. ಕೊನೆಯ ಬೇಸಿಗೆಯಲ್ಲಿ ನಾನು ಹಾಸನದಿಂದ ಹೋದರೆ ನನ್ನ ಕೈಯನ್ನೇ ತಿರುಗಿಸಿ ಮುರುಗಿಸಿ ನೋಡಿದ, ನನ್ನ ಹತ್ತಿರ ಇದೆಯೇನೋ ಅಂತ.

ನನಗೆ ಬೇಕಾದದ್ದು ಒಂದು ಕಾಗದ. ಮೀನು ಚಲುವಯ್ಯ ಕದ್ದದ್ದಲ್ಲ, ನನ್ನಲ್ಲೇ ಇತ್ತು ಎಂದು ಬರೆದು, ನಿಮ್ಮ ಮಾವನವರ ಹೆಬ್ಬೆಟ್ಟು. ಅದನ್ನು ಆ ಊರ ಚಾವಡಿಯಲ್ಲಿ ಒಂದು ಸಲ ಓದಿಸುತ್ತೇನೆ. ಇನ್ನೇನೂ ಬೇಡ.

ಪೆಟ್ಟಿಗೆಯನ್ನು ಹಿಡಿದಿಟ್ಟುಕೊಂಡೆ ಅಂದುಕೊಳ್ಳಬೇಡಿ. ಕೆಲಸ ಮುಗಿದ ದಿನ ಬಸ್ಸಿಗೆ ಹಾಕುತ್ತೇನೆ. ಕಾಗದ ಬಂದರೆ ನೀವು ಹೇಳಿದಂತೆ ಮಾಡುತ್ತೇನೆ. ಬರದಿದ್ದರೆ ನನಗೆ ತಿಳಿದಂತೆ ಮಾಡುತ್ತೇನೆ.

ಇತಿ,
ಚಲುವಯ್ಯನ ಮಗ ಮಂಚಯ್ಯ


ಹೊಳೆನರಸೀಪುರ
2-5-2024

ಮಂಚಯ್ಯನವರೇ,

ಎರಡೂವರೆ ತಿಂಗಳು ಸುಮ್ಮನಿದ್ದೆ. ಬರೆದು ಹರಿದ ಕಾಗದಗಳನ್ನು ಕಳಿಸಿದ್ದರೆ ನಿಮ್ಮ ಪುಸ್ತಕ ತುಂಬುತ್ತಿತ್ತು.

ನಿಮ್ಮ ಕಾಗದವನ್ನು ಮಾವನವರಿಗೆ ಪೂರ್ತಿ ಓದಿದೆ. ಇಪ್ಪತ್ತಾರು ದಿನ ಎಂಬಲ್ಲಿ ತಡೆದರು. "ಇಪ್ಪತ್ತೇಳು" ಎಂದರು. ಅವರೂ ಎಣಿಸಿದ್ದಾರೆ.

"ನಾಕನೇ ದಿನುಕ್ಕೆ ಸಿಕ್ತು ಕಣವ್ವ. ಕೋಟಿನ್ ಜೇಬು ತೂತಾಗಿ ಅಸ್ತರೊಳೀಕೆ ಇಳ್ದಿತ್ತು. ಎತ್ಕಂಡು ದಂಡೆಗೆ ಓದೆ. ಅವ್ನು ಮುಳುಗ್ತಾ ಏಳ್ತಾ ಇದ್ದ. ಕರೀಬೋದಾಗಿತ್ತು."

"ಯಾಕೆ ಕರೀಲಿಲ್ಲ ಮಾವ?"

"ಊರ್ ಮುಂದೆ ಆಡಿದ್ ಮಾತು. ಒಂದ್ ತುಂಡು ಮರುಕ್ಕೋಸ್ಕರ ವಾಪಸ್ ತಕಳಕಾಯ್ತದಾ? ನಾಳೀಕೆ ಕರೆಯಾನ, ನಾಳೀಕೆ ಕರೆಯಾನ ಅಂತಿದ್ದೆ. ಆಮೇಕೆ ಅವ್ನಿಗೆ ಕಿವೀನೇ ಕೇಳ್ನಿಲ್ಲ. ಕರುದ್ರೂ ಏನ್ ಬಂತು?"

ಇದನ್ನು ಹೇಳುವಾಗ ಅವರು ಅಳಲಿಲ್ಲ. ಹೆಬ್ಬೆಟ್ಟಿನ ಮಾತೆತ್ತಿದರೆ ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ.

ನನ್ನ ಮಾತೂ ಹೇಳಿಬಿಡುತ್ತೇನೆ. ನಮ್ಮ ಮಗಳು ದೀಪಶ್ರೀಗೆ ಅರಕಲಗೂಡಿನ ಕಡೆಯಿಂದ ಸಂಬಂಧ ಕೂಡಿಬರುತ್ತಿದೆ. ಹುಡುಗನ ಸೋದರಮಾವ ಅದೇ ಊರಿನವರು. ಚಾವಡಿಯಲ್ಲಿ ಈಗ ಆ ಕಾಗದ ಓದಿಸಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ತಂದೆಯವರಿಗಾದದ್ದು ಅನ್ಯಾಯ. ಅದಕ್ಕೆ ನಾನು ನಿಮ್ಮ ಕ್ಷಮೆ ಕೇಳುತ್ತೇನೆ. ಆದರೆ ಮೂವತ್ತೆರಡು ವರ್ಷ ಕಾದದ್ದು ಒಂದು ವರ್ಷ ಕಾಯಲಾರದೇ? ಮದುವೆ ಮುಗಿಯಲಿ.

ಪೆಟ್ಟಿಗೆ ಕಳಿಸಿಕೊಡಿ. ಗುರುತುಗಳು ಹಾಗೇ ಇರಲಿ ಎಂದು ಮತ್ತೊಮ್ಮೆ ಬೇಡುತ್ತೇನೆ.

ಇತಿ,
ದಾಕ್ಷಾಯಣಮ್ಮ


ಹಾಸನ
20-5-2024

ಕಳಿಸಿದ ಚೀಟಿ: ತಗಡಿನ ಪೆಟ್ಟಿಗೆ ಒಂದು. ಒಳಗೆ ಮರದ ಮೀನು ಹದಿನೇಳು.

ದಾಕ್ಷಾಯಣಮ್ಮನವರಿಗೆ,

ಮಗಳಿಗೆ ಸಂಬಂಧ ಕೂಡಿಬಂದದ್ದು ಕೇಳಿ ಸಂತೋಷ. ನಮ್ಮಕ್ಕನಿಗೆ ಮೂರು ಸಲ ಕೂಡಿಬಂದಿತ್ತು. ಮೂರು ಸಲವೂ ಯಾರದೋ ಸೋದರಮಾವ ನಮ್ಮೂರಿನವನೇ ಆಗಿರುತ್ತಿದ್ದ.

ಕೆಲಸ ಮುಗಿದಿದೆ. ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದ್ದೇನೆ. ಹದಿನಾರರ ತುಕ್ಕು ಗಾಳ ಕಿತ್ತು ಹಿತ್ತಾಳೆಯ ಬಳೆ ಹಾಕಿದ್ದೇನೆ, ಚುಚ್ಚುವುದಿಲ್ಲ. ಬಿರುಕು ಮುಚ್ಚಿದೆ. ಹಲ್ಲಿನ ಗುರುತು ಒಟ್ಟು ಇನ್ನೂರ ಹನ್ನೊಂದಿದ್ದವು. ಒಂದೊಂದಕ್ಕೂ ಮರದ ಪುಡಿ, ಗೋಂದು ಕಲಸಿ ತುಂಬಿ, ಒಣಗಿಸಿ, ಉಪ್ಪುಕಾಗದದಲ್ಲಿ ಮೂರು ಸಲ ಉಜ್ಜಿ, ಮೇಲೆ ಏಳು ಕೋಟು ವಾರ್ನಿಷ್ ಹೊಡೆದಿದ್ದೇನೆ. ಬೆರಳಿಟ್ಟರೆ ಜಾರಬೇಕು. ಮೊನ್ನೆ ಒಬ್ಬ ಗಿರಾಕಿ ನೋಡಿ, "ಯಾವ ಕಂಪನಿದು ಸಾ, ಒಸಾ ಮಾಲಾ?" ಅಂದ. ಕೂಸಿನ ಮೈಯ ಹಾಗಿವೆ. ಯಾವುದಕ್ಕೂ ಹಿಂದಿನದು ಏನೂ ಇಲ್ಲ.

ಇಪ್ಪತ್ತೆಂಟು ವರ್ಷ ಈ ಕಸುಬು ಮಾಡಿದ್ದೇನೆ. ಬಂದ ಮಾಲನ್ನು ಕೆಡಿಸಿದ್ದು ಇದೇ ಮೊದಲು. ಇಷ್ಟು ಶ್ರದ್ಧೆಯಿಂದ ಕೆಲಸ ಮಾಡಿದ್ದೂ ಇದೇ ಮೊದಲು.

ಹನ್ನೆರಡನೆಯದಕ್ಕೆ ಉಪ್ಪುಕಾಗದ ಮುಟ್ಟಿಸಿಲ್ಲ. ಗಾಳ ಮಾತ್ರ ತೆಗೆದಿದ್ದೇನೆ, ದೊಡ್ಡವರ ಬೆರಳಿಗೆ ನೋವಾಗಬಾರದು ನೋಡಿ. ಬೆನ್ನಿನ ಎರಡು ಗುರುತು, ಅರಗು, ತಗಡು ಎಲ್ಲ ಇದ್ದ ಹಾಗೇ ಇವೆ. ಬೆಳಿಗ್ಗೆ ಕಾಫಿಯಾದ ಮೇಲೆ ಓದಿಕೊಳ್ಳಲಿ. ಇನ್ನು ಮೇಲೆ ಪೆಟ್ಟಿಗೆಯಲ್ಲಿ ಇರುವುದು ಅದೊಂದೇ ಕಥೆ.

ಇತಿ,
ಮಂಚಯ್ಯ


ಹೊಳೆನರಸೀಪುರ
29-5-2024

ಮಂಚಯ್ಯನವರೇ,

ಇದರ ಜೊತೆ ಒಂದು ಕಾಗದವಿದೆ. ಮೊದಲು ಅದನ್ನು ಓದಿ, ಆಮೇಲೆ ಇದನ್ನು.

ಓದಿದಿರಾ? ನೀವು ಕೇಳಿದ ಮಾತುಗಳೇ, ನನ್ನ ಕೈಬರಹದಲ್ಲಿ. ನನ್ನ ಮೇ ಎರಡರ ಕಾಗದ ನಿಮಗೆ ಹೋದ ಮೇಲೆ ನನಗೇ ನಾಚಿಕೆಯಾಯಿತು. ಮದುವೆ ಮುಗಿಯಲಿ ಎಂದು ನಾನು ಬರೆದದ್ದಕ್ಕೂ, ನಾಳೆ ಕರೆಯೋಣ ಎಂದು ಅವರು ದಂಡೆಯ ಮೇಲೆ ನಿಂತದ್ದಕ್ಕೂ ಏನು ವ್ಯತ್ಯಾಸ? ಅರಕಲಗೂಡಿನವರಿಗೆ ನಾನೇ ಎಲ್ಲ ಹೇಳಿದೆ. ಅವರು ಮತ್ತೆ ಬರಲಿಲ್ಲ. ಮಗಳು ನನ್ನ ಜೊತೆ ಮಾತಾಡುವುದಿಲ್ಲ. ದಿನಾ ಮಾವನವರ ಹಿಂದೆ ಬಿದ್ದು ಕೊನೆಗೂ ಒಪ್ಪಿಸಿದೆ. "ಪೆಟ್ಟಿಗೆ ಬರ್ಲಿ, ಒಂದ್ಸಲ ಕೈಯಾಡಿಸ್ಕತೀನಿ. ಆಮೇಕೆ ಎಲ್ಲೊತ್ತು ಅಂದ್ರೆ ಅಲ್ಲಿ ಒತ್ತೀನಿ" ಎಂದಿದ್ದರು. ಹೆಬ್ಬೆಟ್ಟು ಬಿದ್ದ ಮೇಲೆಯೇ ನಿಮಗೆ ತಿಳಿಸೋಣವೆಂದು ಸುಮ್ಮನಿದ್ದೆ.

ಇಪ್ಪತ್ತೊಂದರ ಬೆಳಿಗ್ಗೆ ಪೆಟ್ಟಿಗೆ ಬಂತು. ಶಾಯಿಯ ಡಬ್ಬಿ ಮೇಜಿನ ಮೇಲೆ ತೆರೆದೇ ಇತ್ತು. ನಿಮ್ಮ ಕಾಗದ ಪೆಟ್ಟಿಗೆಯ ತಳದಲ್ಲಿತ್ತು, ನಾನಿನ್ನೂ ನೋಡಿರಲಿಲ್ಲ.

ಮೊದಲನೆಯದನ್ನು ಎತ್ತಿದರು. ಸವರಿದರು. ತಿರುಗಿಸಿ ಸವರಿದರು. ಕೆಳಗಿಟ್ಟು ಎರಡನೆಯದನ್ನು ಎತ್ತಿದರು. ಹತ್ತು ಹನ್ನೊಂದು ಆಗುವಷ್ಟರಲ್ಲಿ ಬೆರಳು ಬಿಟ್ಟು ನಾಲಗೆಯಿಂದ ನೋಡಲು ಶುರುಮಾಡಿದರು. ಎಂಬತ್ತೊಂದು ವರ್ಷದ ಗಂಡಸು ಕೂಸಿನ ಹಾಗೆ ಮರದ ಮೀನನ್ನು ನೆಕ್ಕುವುದನ್ನು ನೀವು ನೋಡಬೇಕಿತ್ತು. ಅದಕ್ಕೇ ಅಲ್ಲವೇ ಮಾಡಿದ್ದು?

"ಇವು ನನ್ನವಲ್ಲ. ಬದಲಾಯಿಸ್ಬುಟ್ಟವ್ನೆ. ಅಪ್ಪಂಗೆ ಸರಿಯಾದ್ ಮಗ. ಕಳ್ರು ವಂಶ ಕಣವ್ವ, ನಾನೇಳ್ನಿಲ್ವಾ?"

"ಬದಲಾಯಿಸಿಲ್ಲ ಮಾವ, ಉಜ್ಜಿದ್ದಾರೆ" ಎಂದೆ. ಕೇಳಿಸಿಕೊಳ್ಳಲಿಲ್ಲ. ನಮ್ಮ ಯಜಮಾನರಿಗೆ ಹೇಳಿದರು, ಹಾಲಿನವನಿಗೆ ಹೇಳಿದರು. ನೋಡಲು ಬಂದ ನೆಂಟರು ಊರಿಗೂ ಮುಟ್ಟಿಸಿದ್ದಾರೆ. ಚಲುವಯ್ಯ ಒಂದು ಕದ್ದಿದ್ದ, ಮಗ ಹದಿನಾರು ಕದ್ದ ಎಂದು ಚಾವಡಿಯಲ್ಲಿ ಮಾತಾಗಿದೆಯಂತೆ.

ಮೊನ್ನೆ ಪೆಟ್ಟಿಗೆಯಲ್ಲಿ ಮತ್ತೆ ಕೈಯಾಡಿಸುವಾಗ ಹನ್ನೆರಡನೆಯದು ಸಿಕ್ಕಿತು. ಮೂತಿಯ ತಗಡನ್ನು ಮುಟ್ಟಿದ ಕೂಡಲೇ ಗುರುತಿಸಿದರು. ತುಂಬ ಹೊತ್ತು ಹಿಡಿದುಕೊಂಡಿದ್ದು, ಒಂದು ನಗು ನಕ್ಕರು. ಆ ನಗುವನ್ನು ನಾನು ಇಪ್ಪತ್ತೆಂಟು ವರ್ಷದಲ್ಲಿ ಕಂಡಿರಲಿಲ್ಲ.

"ಇದುನ್ನ ಅವ್ನಿಗೇ ಕಳ್ಸು. ಅವ್ರ ಮನೆ ಸೇರ್ಲಿ. ಚಲುವುನ್ ತಾವದೆ ಅಂತ ಅವತ್ತು ಊರ್ ಮುಂದೆ ಅಂದಿದ್ದೆ. ಈಗ್ಲಾದ್ರೂ ನನ್ ಮಾತು ನಿಜ ಆಗ್ಲಿ."

ಹೆಬ್ಬೆಟ್ಟು ಕೇಳಿದೆ. ಶಾಯಿಯ ಡಬ್ಬಿಯನ್ನು ಕೈಯಿಂದ ತಳ್ಳಿದರು. ಕಾಗದದ ಮೇಲಿನ ಕಲೆ ಅದೇ, ಹೆಬ್ಬೆಟ್ಟೆಂದು ತಿಳಿಯಬೇಡಿ.

ಮೀನನ್ನು ಕಳಿಸಿದ್ದೇನೆ. ನಿಮ್ಮ ಅಂಗಡಿಯಿಂದ ತಲುಪಿದ ಚೀಟಿ ಬಂದು, ಅದನ್ನು ನಾನು ಓದಿ ಹೇಳುವವರೆಗೂ ಅನ್ನ ಮುಟ್ಟುವುದಿಲ್ಲವಂತೆ. ಎರಡು ದಿನವಾಯಿತು, ಹಾಲು ಮಾತ್ರ. ಬೇಗ ಚೀಟಿ ಕಳಿಸಿ.

ಇನ್ನೊಂದು ಕೇಳುತ್ತೇನೆ. ಕೇಳುವ ಹಕ್ಕು ನನಗಿದೆಯೋ ಇಲ್ಲವೋ. ಆ ಹದಿನಾರಕ್ಕೆ ಹಳೆಯ ಗುರುತುಗಳನ್ನು ಮತ್ತೆ ಕೊರೆಯಲು ಸಾಧ್ಯವೇ?

ದಾಕ್ಷಾಯಣಮ್ಮ


ಹಾಸನ
31-5-2024

ತಲುಪಿದ ಚೀಟಿ: ಮರದ ಮೀನು ಒಂದು. ಬೆನ್ನಿಗೆ ಹಲ್ಲಿನ ಗುರುತು ಎರಡು. ಮೂತಿಗೆ ಪೌಡರ್ ಡಬ್ಬಿಯ ತಗಡು, ಕೂರಿಸಿದವನು ಚಲುವಯ್ಯ. ಬಂದದ್ದು ಹೊಳೆನರಸೀಪುರದ ಚನ್ನಪ್ಪನವರ ಮನೆಯಿಂದ. ಅವರಲ್ಲಿ ಇದ್ದದ್ದು ಮೂವತ್ತೆರಡು ವರ್ಷ.

ದಾಕ್ಷಾಯಣಮ್ಮನವರಿಗೆ,

ಓದುವುದಾದರೆ ಚೀಟಿಯ ಕೊನೆಯ ಅಕ್ಷರದವರೆಗೂ ಓದಿ ಹೇಳಿ. ಆಮೇಲೆ ಉಣ್ಣುವುದು ಬಿಡುವುದು ಅವರಿಗೆ ಸೇರಿದ್ದು. ಹೆಬ್ಬೆಟ್ಟಿಲ್ಲದ ನಿಮ್ಮ ಕಾಗದ ನನ್ನ ಪುಸ್ತಕದಲ್ಲಿದೆ. ಗುರುತು ಉಜ್ಜದೆ ಪೆಟ್ಟಿಗೆ ಕಳಿಸಿದ್ದರೆ ಎಂದು ನೀವು ಬರೆದಿಲ್ಲ. ನಾನೂ ಬರೆಯುವುದಿಲ್ಲ.

ಗುರುತು ಕೊರೆಯಬಹುದೇ ಎಂದು ಕೇಳಿದ್ದೀರಿ. ಕೊರೆಯಬಹುದು. ಪೆಟ್ಟಿಗೆ ಕಳಿಸಿ. ಆದರೆ ಈ ಸಲ ಹಲ್ಲು ನನ್ನವು.

ಮಂಚಯ್ಯ